ಮನ್ನಾ ಆಗಬಾರದ ಸಾಲ



ಉಪ್ಪುಂದದಂಥ ನಮ್ಮ ಊರುಗಳಿಗೆ ಎರಡು ತರಹದ ಕಾಗದ ಬರುತ್ತದೆ.

ಒಂದು ಕಾಗದ ನಿಮಗೆಲ್ಲ ಗೊತ್ತಿದ್ದದ್ದೇ. ಬ್ಯಾಂಕಿನ ನೋಟೀಸು, ಇಲ್ಲವೇ ಸೊಸೈಟಿಯ ನೋಟೀಸು. ಅಸಲು ಇಷ್ಟು, ಬಡ್ಡಿ ಇಷ್ಟು, ಸುಸ್ತಿಬಡ್ಡಿ ಇಷ್ಟು. ಇಂತಿಷ್ಟು ದಿನದೊಳಗೆ ಕಟ್ಟದಿದ್ದರೆ ಅಡಮಾನದ ಜಾಗ ಹರಾಜು. ಪೋಸ್ಟಿನವರು ಅದನ್ನು ಕೊಟ್ಟು ಸಹಿ ಹಾಕಿಸಿಕೊಂಡು ಹೋದ ದಿನ ಆ ಮನೆಯಲ್ಲಿ ಮಧ್ಯಾಹ್ನದ ಗಂಜಿ ಯಾರ ಗಂಟಲಲ್ಲೂ ಇಳಿಯುವುದಿಲ್ಲ.

ಇನ್ನೊಂದು ಕಾಗದ ಅಪರೂಪಕ್ಕೆ ಬರುವಂಥದು. ಅದು ಕೋರ್ಟಿನ ತೀರ್ಪಿನ ನಕಲು. ಗಂಡನ ಕೊಲೆಯಾದ ಹೆಂಗಸಿಗೆ, ಕತ್ತಿಯ ಪೆಟ್ಟಿಗೆ ಕೈ ಕಳಕೊಂಡ ದುಡಿಮೆಗಾರನಿಗೆ, ಅತ್ಯಾಚಾರಕ್ಕೆ ಒಳಗಾದ ಹುಡುಗಿಯ ತಾಯಿಗೆ ಬರುವ ಕಾಗದ. ಅಪರಾಧಿಗೆ ಇಷ್ಟು ವರ್ಷ ಶಿಕ್ಷೆ, ಜೊತೆಗೆ ನೊಂದವರಿಗೆ ಇಷ್ಟು ರೂಪಾಯಿ ಪರಿಹಾರ ಕೊಡತಕ್ಕದ್ದು ಎಂದು ಅದರಲ್ಲಿ ಬರೆದಿರುತ್ತದೆ.

ಮೊದಲನೇ ಕಾಗದದ ದುಡ್ಡನ್ನು ವಸೂಲು ಮಾಡುವುದಕ್ಕೆ ಕಾನೂನಿದೆ, ಅಧಿಕಾರಿಗಳಿದ್ದಾರೆ, ಜೀಪಿದೆ, ಹರಾಜಿನ ಡಂಗುರವಿದೆ. ಎರಡನೇ ಕಾಗದದ ದುಡ್ಡನ್ನು ಕೇಳಿ ನೋಡಿ. "ಅವ್ನ ಹತ್ರ ಎಂತ ಇತ್ತ್ ಮರ್ರೆ? ಎಲ್ಲ ಸಾಲ್ವೇ" ಎಂಬ ಮಾತು ಬರುತ್ತದೆ. ಅಲ್ಲಿಗೆ ಮುಗಿಯಿತು. ಆ ಹೆಂಗಸು ಆ ನಕಲನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ಪಹಣಿ ಮತ್ತು ರೇಷನ್ ಕಾರ್ಡಿನ ಜೊತೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾಳೆ.

ಈ ಎರಡು ಕಾಗದಕ್ಕೂ ಸಂಬಂಧವಿದೆ. ರೈತ ಚಳವಳಿಯವರಾದ ನಾವು ಮೊದಲನೇ ಕಾಗದದ ಬಗ್ಗೆ ಬಹಳ ಮಾತಾಡಿದ್ದೇವೆ. ಎರಡನೇ ಕಾಗದದ ಬಗ್ಗೆ ಮಾತಾಡಿದ್ದು ಕಡಿಮೆ. ಈ ತಿಂಗಳು ಎರಡನ್ನೂ ಒಟ್ಟಿಗೆ ಇಟ್ಟು ನೋಡೋಣ. ಯಾಕೆಂದರೆ ಸಾಲದಿಂದ ಹೊರಬರುವ ಬಾಗಿಲು ಬೇಕು ಎಂದು ಕೇಳುವವರು ಆ ಬಾಗಿಲಿನಿಂದ ಯಾರು ಯಾರು ನುಸುಳಬಾರದು ಎಂಬುದನ್ನೂ ತಾವೇ ಹೇಳಬೇಕು. ಅದನ್ನು ಬೇರೆಯವರು ಹೇಳುವ ತನಕ ಕಾಯಬಾರದು.

ದಿವಾಳಿ ಯಾರಿಗೆ ಮರ್ಯಾದೆ, ಯಾರಿಗೆ ಅವಮಾನ?

ನಮ್ಮಲ್ಲಿ 'ದಿವಾಳಿ ಎದ್ದ' ಎಂದರೆ ಬೈಗಳ ಮಾತು. ಮಗಳಿಗೆ ಸಂಬಂಧ ಕೇಳಿಕೊಂಡು ಬಂದವರು ತಿರುಗಿ ಹೋಗುತ್ತಾರೆ. ಆದರೆ ಪಟ್ಟಣದ ದೊಡ್ಡ ಕಂಪನಿಗಳಿಗೆ ದಿವಾಳಿ ಎಂಬುದು ಒಂದು ಕಾನೂನು, ಒಂದು ಏರ್ಪಾಡು. 2016ರಲ್ಲಿ ಕೇಂದ್ರ ಸರ್ಕಾರ ದಿವಾಳಿ ಸಂಹಿತೆ ಎಂಬ ದೊಡ್ಡ ಕಾಯಿದೆ ತಂದಿತು. ಕಂಪನಿ ಸಾಲ ಕಟ್ಟಲಾರದೆ ಹೋದರೆ ನ್ಯಾಯಮಂಡಳಿಯ ಮುಂದೆ ಕೇಸು ಹೋಗುತ್ತದೆ, ಅಲ್ಲಿಯ ತನಕ ಯಾರೂ ಜಪ್ತಿ ಮಾಡುವ ಹಾಗಿಲ್ಲ, ಬೇರೆ ಯಾರೋ ಬಂದು ಕಂಪನಿ ಕೊಳ್ಳುತ್ತಾರೆ, ಸಾಲ ಕೊಟ್ಟವರು ಬಂದಷ್ಟು ತಕ್ಕೊಂಡು ಕೈ ತೊಳಕೊಳ್ಳುತ್ತಾರೆ. ಹೀಗೆ ಇತ್ಯರ್ಥವಾದ ಕೇಸುಗಳಲ್ಲಿ ಸಾಲ ಕೊಟ್ಟವರಿಗೆ ಸಿಕ್ಕಿದ್ದು ಒಟ್ಟಾರೆ ಬಾಕಿಯ ಮೂರನೇ ಒಂದು ಭಾಗದ ಆಸುಪಾಸು. ಉಳಿದ ಎರಡು ಭಾಗ? ಅದನ್ನು ಯಾರೂ 'ಸಾಲಮನ್ನಾ' ಎಂದು ಕರೆಯುವುದಿಲ್ಲ. ಅದಕ್ಕೆ ಬೇರೆ ನಯವಾದ ಹೆಸರುಗಳಿವೆ. ರೈತನ ಒಂದು ಲಕ್ಷ ಬಿಟ್ಟರೆ ಮಾತ್ರ ದೇಶದ ಬೊಕ್ಕಸ ಬರಿದಾಗುತ್ತದಂತೆ!

ಅದೇ ಸಂಹಿತೆಯಲ್ಲಿ ನಮ್ಮಂಥ ಬಿಡಿ ಜನರಿಗೂ ಒಂದು ಭಾಗ ಬರೆದಿದ್ದಾರೆ. ಮೂರನೇ ಭಾಗ. 2019ರ ಡಿಸೆಂಬರ್ 1ರಂದು ಅದರಲ್ಲಿ ಒಂದು ತುಂಡು ಮಾತ್ರ ಜಾರಿಗೆ ಬಂತು. ಯಾರಿಗೆ? ಕಂಪನಿಯ ಸಾಲಕ್ಕೆ ಜಾಮೀನು ನಿಂತ ದಣಿಗಳಿಗೆ. ನಮ್ಮ ಪಾಲಿನದು ಪುಸ್ತಕದಲ್ಲೇ ವರ್ಷಗಟ್ಟಲೆ ಮಲಗಿತು.

ಪುಸ್ತಕದಲ್ಲಿ ಇದ್ದದ್ದಾದರೂ ಏನು? ಬಡ ಸಾಲಗಾರನಿಗೆ 'ಹೊಸ ಆರಂಭ' ಎಂಬ ಏರ್ಪಾಡು. ಹೆಸರು ಚಂದವಿದೆ. ಷರತ್ತು ಕೇಳಿ. ವರ್ಷದ ಆದಾಯ 60,000 ರೂಪಾಯಿ ಮೀರಬಾರದು. ಆಸ್ತಿಯ ಬೆಲೆ 20,000 ರೂಪಾಯಿ ಮೀರಬಾರದು. ಲೆಕ್ಕಕ್ಕೆ ಹಿಡಿಯುವ ಸಾಲ 35,000 ರೂಪಾಯಿ ಮೀರಬಾರದು. ಅಡಮಾನದ ಸಾಲ ಈ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲಕ್ಕಿಂತ ಮೇಲೆ, ಸ್ವಂತ ವಾಸದ ಮನೆ ಇರಕೂಡದು. ಈ ಕರಾವಳಿಯಲ್ಲಿ ಎರಡು ಸೆಂಟ್ಸ್ ಜಾಗ ಇದ್ದವನೂ ಇದರಲ್ಲಿ ಬೀಳುವುದಿಲ್ಲ. ಹಂಚಿನ ಮಾಡಿನ ಒಂದು ಮನೆ, ಎದುರಿಗೆ ಅಂಗಳ, ಹಿತ್ತಲಲ್ಲಿ ನಾಲ್ಕು ತೆಂಗು, ಬೈಲಿನಲ್ಲಿ ಅರ್ಧ ಎಕರೆ ಗದ್ದೆ ಇದ್ದವನು ಈ ಕಾನೂನಿನ ಕಣ್ಣಿಗೆ ಶ್ರೀಮಂತ! ಇದಕ್ಕಿಂತ ಹೆಚ್ಚಿನವರ ಕೇಸು ಎಲ್ಲಿ ನಡೆಯಬೇಕು? ಸಾಲ ವಸೂಲಿ ನ್ಯಾಯಮಂಡಳಿಯ ಮುಂದೆ. ಅದು ಇರುವುದು ಬೆಂಗಳೂರಿನಲ್ಲಿ, ಉಪ್ಪುಂದದಿಂದ ನಾನ್ನೂರು ಕಿಲೋಮೀಟರಿಗೂ ಆಚೆ. ಬಸ್ಸಿನ ಚಾರ್ಜಿಗೇ ಇನ್ನೊಂದು ಕೈಸಾಲ ಮಾಡಬೇಕು.

ಹಾಗಾದರೆ ಹಳೇ ಕಾನೂನಿನಲ್ಲಿ ಏನೂ ಇಲ್ಲವೇ? ಇದೆ. 1920ರ ಪ್ರಾಂತೀಯ ದಿವಾಳಿ ಕಾಯಿದೆ, ಬ್ರಿಟಿಷರು ಮಾಡಿದ್ದು. 500 ರೂಪಾಯಿ ಸಾಲ ಇದ್ದು ತೀರಿಸಲಾರದವನು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಕೋರ್ಟು ಅವನ ಆಸ್ತಿ ವಶಕ್ಕೆ ತೆಗೆದು ಸಾಲಗಾರರಿಗೆ ಹಂಚಿ, ಕೊನೆಗೆ ಉಳಿದ ಸಾಲದಿಂದ ಬಿಡುಗಡೆ ಕೊಡಬಹುದು. ಆದರೆ ಆಸ್ತಿ ವಶಕ್ಕೆ ಎಂದರೆ ಗದ್ದೆಯೇ ಹೋಯಿತು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಹಾಕಿ, ಟ್ರಿಬ್ಯೂನಲಿನ ಮೆಟ್ಟಲು ಹತ್ತಿ ಇಳಿದು, ಅಪ್ಪ ಅಜ್ಜ ಗೇಣಿಗೆ ಮಾಡುತ್ತಿದ್ದ ಭೂಮಿಯನ್ನು ಹಕ್ಕಾಗಿ ಪಡಕೊಂಡವರು ಅದನ್ನು ತಾವಾಗಿಯೇ ಕೋರ್ಟಿಗೆ ಒಪ್ಪಿಸುತ್ತಾರೆಯೇ? ಒಪ್ಪಿಸುವುದಿಲ್ಲ. ಅದಕ್ಕೇ ಆ ಬಾಗಿಲಿನ ಹತ್ತಿರ ರೈತ ಸುಳಿಯುವುದಿಲ್ಲ.

ನಿಮಗೆ ಎರಡು ರಕ್ಷಣೆ ಮಾತ್ರ ಇವತ್ತೂ ಗಟ್ಟಿಯಾಗಿವೆ, ತಿಳಕೊಂಡಿರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಬರೀ ಹಣದ ಡಿಕ್ರಿಗಾಗಿ ರೈತ ವಾಸವಿರುವ ಮನೆಯನ್ನೂ, ಬೇಸಾಯದ ಸಾಮಾನನ್ನೂ, ಉಳುವ ಜಾನುವಾರನ್ನೂ, ಬಿತ್ತನೆ ಬೀಜವನ್ನೂ ಜಪ್ತಿ ಮಾಡುವಂತಿಲ್ಲ. ಆದರೆ ನೀವೇ ಅಡಮಾನ ಬರೆದು ಕೊಟ್ಟಿದ್ದರೆ ಈ ಮಾತು ನಿಲ್ಲುವುದಿಲ್ಲ. ಇನ್ನೊಂದು, ನಿಜವಾಗಿ ಕೈಲಾಗದವನನ್ನು ಸಾಲಕ್ಕಾಗಿ ಸಿವಿಲ್ ಜೈಲಿಗೆ ಹಾಕಬಾರದು ಎಂದು 1980ರಲ್ಲಿ ಸುಪ್ರೀಂ ಕೋರ್ಟು ಜಾಲಿ ಜಾರ್ಜ್ ವರ್ಗೀಸ್ ಕೇಸಿನಲ್ಲಿ ಹೇಳಿದೆ. ತೀರ್ಪು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ಬಡತನ ಅಪರಾಧವಲ್ಲ ಎಂಬುದೇ ಅದರ ತಿರುಳು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಹಿರಿಯರಿಗೆ ಗೊತ್ತಿದ್ದ ವ್ಯತ್ಯಾಸ

ಸಾಲದಿಂದ ಬಿಡುಗಡೆ ಎಂಬುದು ನಮ್ಮ ಊರಿಗೆ ಹೊಸತಲ್ಲ. 1956ರ ತನಕ ಕುಂದಾಪುರ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯೊಟ್ಟಿಗೆ ಮದರಾಸಿಗೆ ಸೇರಿತ್ತು. ರಾಜಾಜಿಯವರ ಮಂತ್ರಿಮಂಡಲ 1938ರಲ್ಲಿ ಮದರಾಸು ರೈತರ ಸಾಲ ಪರಿಹಾರ ಕಾಯಿದೆ ಮಾಡಿತು. 1932ರ ಅಕ್ಟೋಬರಿಗೆ ಮುಂಚಿನ ಸಾಲಗಳ ಬಾಕಿ ಬಡ್ಡಿಯನ್ನೆಲ್ಲ ಅದು ಹೊಡೆದು ಹಾಕಿತು. ಅಸಲಿನ ಎರಡು ಪಾಲು ಆಗಲೇ ಕಟ್ಟಿದವನ ಸಾಲ ಪೂರ್ತಿ ತೀರಿತು ಎಂದಿತು. ಬಡ್ಡಿಗೆ ನೂರಕ್ಕೆ ಆರೂಕಾಲು ರೂಪಾಯಿಯ ಮಿತಿ ಹಾಕಿತು. ಆರ್ಥಿಕ ಮುಗ್ಗಟ್ಟಿನಲ್ಲಿ ಭತ್ತದ ಧಾರಣೆ ಬಿದ್ದು ನೆಲ ಕಚ್ಚಿದ್ದ ಕಾಲ ಅದು.

ಆದರೆ ಅದೇ ಕಾಯಿದೆ ಕೆಲವು ಸಾಲಗಳಿಗೆ ಕೈ ಹಾಕಲಿಲ್ಲ. ಜೀವನಾಂಶದ ಬಾಕಿಯನ್ನು ಮುಟ್ಟಲಿಲ್ಲ. ಬೇರೆ ಆಸ್ತಿಯಿಲ್ಲದ ಹೆಂಗಸಿಗೆ ಬರಬೇಕಾದ, ಅಸಲು 3,000 ರೂಪಾಯಿ ಮೀರದ ಸಾಲವನ್ನು ಮುಟ್ಟಲಿಲ್ಲ. ಯಾಕೆ? ಗಂಡ ಸತ್ತ ಹೆಂಗಸು ಇದ್ದ ನಾಲ್ಕು ಕಾಸನ್ನು ಯಾರಿಗೋ ಕೈಗಡ ಕೊಟ್ಟು, ಅದರ ಬಡ್ಡಿಯಲ್ಲಿ ಗಂಜಿ ಕುಡಿಯುತ್ತಿರಬಹುದು. ಸಾಹುಕಾರನ ಬಡ್ಡಿಯನ್ನು ಅಳಿಸುವ ಭರದಲ್ಲಿ ಅವಳ ಗಂಜಿಯನ್ನು ಚೆಲ್ಲಬಾರದು. ಎಲ್ಲ ಸಾಲವೂ ಒಂದೇ ಅಲ್ಲ ಎಂಬುದು ಆ ಕಾನೂನು ಮಾಡಿದವರಿಗೆ ಗೊತ್ತಿತ್ತು.

ಈ ವಿವೇಕವೇ ನಮಗೆ ಇವತ್ತು ಬೇಕಾದದ್ದು.

ಇನ್ನೊಂದು ಮನೆಯ ಲೆಕ್ಕ

ಈಗ ಒಂದು ಮನೆಯನ್ನು ಮನಸ್ಸಿನಲ್ಲಿ ಎಣಿಸಿಕೊಳ್ಳಿ. ಯಾವ ಊರಿನದೂ ಆಗಬಹುದು. ಗದ್ದೆಯ ಅಂಚು ಕಡಿದ ವಿಷಯಕ್ಕೋ, ತೋಡಿನ ನೀರು ತಿರುಗಿಸಿದ ವಿಷಯಕ್ಕೋ ಜಗಳ ಎದ್ದಿತು. ಮಾತಿಗೆ ಮಾತು ಬೆಳೆಯಿತು. ಕತ್ತಿ ಬೀಸಿದ. ದುಡಿಯುವ ಗಂಡಸು ಸತ್ತ.

ಆ ಮನೆಗೆ ಬಂದ ಕಷ್ಟದ ಲೆಕ್ಕ ಹಾಕಿ. ಜೀವ ಹೋಗುವ ಮೊದಲು ಮಣಿಪಾಲದ ದಾರಿ ಹಿಡಿದು ಆಸ್ಪತ್ರೆಗೆ ಸುರಿದ ದುಡ್ಡು, ಚಿನ್ನ ಅಡವಿಟ್ಟು ತಂದದ್ದು. ಉತ್ತರಕ್ರಿಯೆಗೆ ಕೈಸಾಲ. ಆ ವರ್ಷ ನಾಟಿ ಇಲ್ಲ, ಗದ್ದೆ ಹಡಿಲು. ಸತ್ತವನ ಹೆಸರಿನಲ್ಲಿದ್ದ ಬೆಳೆಸಾಲದ ಬಡ್ಡಿ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಸಂಘದ ವಾರದ ಕಂತು ನಿಲ್ಲಲಿಲ್ಲ. ಎರಡು ವರ್ಷದಲ್ಲಿ ಆ ಹೆಂಗಸಿನ ಮನೆಗೂ ಮೊದಲನೇ ತರಹದ ಕಾಗದ ಬಂತು.

ಅಂದರೆ ಏನಾಯಿತು? ಯಾರೋ ಮಾಡಿದ ಅಪರಾಧ ನೊಂದವರನ್ನು ಸಾಲಗಾರರನ್ನಾಗಿ ಮಾಡಿತು. ಪೆಟ್ಟು ಕೊಟ್ಟವನು ಕೊಡಬೇಕಾದದ್ದು ಬರಲಿಲ್ಲ, ಪೆಟ್ಟು ತಿಂದವರು ಕೊಡಬೇಕಾದದ್ದು ಮಾತ್ರ ಬೆಳೆಯಿತು. ಇದಕ್ಕಿಂತ ತಲೆಕೆಳಗಾದ ಲೆಕ್ಕ ಇನ್ನೊಂದುಂಟೇ?

ಕಾನೂನು ಏನೂ ಮಾಡಿಲ್ಲ ಎಂದಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 357ನೇ ಕಲಮಿನಲ್ಲಿ, ಅಪರಾಧಿಯಿಂದ ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗೆ ಇತ್ತು. ಅದನ್ನು ಧಾರಾಳವಾಗಿ ಬಳಸಿ ಎಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿತು. ಪ್ರತಿ ಕ್ರಿಮಿನಲ್ ಕೇಸಿನಲ್ಲೂ ಪರಿಹಾರದ ಪ್ರಶ್ನೆಯನ್ನು ಕೋರ್ಟು ಯೋಚಿಸಲೇಬೇಕು ಎಂದು 2013ರಲ್ಲಿ ಹೇಳಿತು. ಪರಿಹಾರ ಕೊಡದೆ, ಅದಕ್ಕೆ ಬದಲು ಜೈಲಿನಲ್ಲಿ ಕೂತು ಬಂದರೂ ಆ ಬಾಕಿ ಅಳಿಯುವುದಿಲ್ಲ ಎಂದು 2017ರಲ್ಲಿ ಹೇಳಿತು. ಕೈದಿಯ ಕೂಲಿಯಲ್ಲಿ ಒಂದು ಪಾಲನ್ನು ನೊಂದವರಿಗೆ ತೆಗೆದಿಡಬೇಕು ಎಂದು 1998ರಲ್ಲೇ ಹೇಳಿತ್ತು. ಮಾತಿಗೆ ಕಡಿಮೆಯಿಲ್ಲ.

ಅಪರಾಧಿಯ ಹತ್ತಿರ ಇಲ್ಲದಿದ್ದರೆ ಸರ್ಕಾರವೇ ಕೊಡಬೇಕು ಎಂಬ 357ಎ ಕಲಮು 2009ರ ಡಿಸೆಂಬರ್ 31ರಂದು ಜಾರಿಗೆ ಬಂತು. ಕರ್ನಾಟಕ 2011ರಲ್ಲಿ ಇದಕ್ಕಾಗಿ ಯೋಜನೆ ಮಾಡಿತು. 2024ರ ಜುಲೈ 1ರಿಂದ ಹಳೇ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ; ಅದರಲ್ಲಿ ಇದು 396ನೇ ಕಲಮು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ನಮಗೆ ಅದು ಉಡುಪಿಯಲ್ಲಿ. ವಕೀಲರ ಫೀಸು ಬೇಕಿಲ್ಲ. ಅಪರಾಧಿ ಯಾರೆಂದು ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು. ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ತುರ್ತು ಚಿಕಿತ್ಸೆಗೆ ಠಾಣಾಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರದ ಮೇಲೆ ಮಧ್ಯಂತರ ನೆರವು ಕೊಡಬಹುದು. ನೊಂದ ಹೆಂಗಸರಿಗೆ 2018ರಿಂದ ಬೇರೆ ಯೋಜನೆಯೇ ಇದೆ. ಜೀವಹಾನಿಗೆ 5ರಿಂದ 10 ಲಕ್ಷ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ ಎಂದು ಅದರಲ್ಲಿ ಗೊತ್ತುಮಾಡಿದೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನರಿಗೆ ಈ ಸಂಗತಿ ಮೊದಲೇ ಗೊತ್ತಿತ್ತು? ಬೆಳೆ ವಿಮೆಯ ಕೊನೇ ದಿನ ಯಾವುದು ಎಂದು ನಮಗೆ ಗೊತ್ತು. ಇದು ಗೊತ್ತಿಲ್ಲ. ತಪ್ಪು ನಮ್ಮಂಥ ಪತ್ರಿಕೆಯವರದೂ ಹೌದು.

ಎರಡು ಕಾನೂನು ಮುಖಾಮುಖಿಯಾದಾಗ

ಈಗ ಮುಖ್ಯ ಮಾತಿಗೆ ಬರೋಣ. ಕತ್ತಿ ಬೀಸಿದವನಿಗೂ ಸಾಲವಿದೆ. ಅವನೂ ನಮ್ಮ ಹಾಗೆ ರೈತನೇ ಆಗಿರಬಹುದು. ಅವನ ಗದ್ದೆ ಬ್ಯಾಂಕಿಗೆ ಅಡಮಾನ. ಕೋರ್ಟು ಪರಿಹಾರ ಕೊಡು ಎಂದಿತು. ಅವನು, "ನಾನು ದಿವಾಳಿ" ಎಂದ. ಆಗ ಯಾರ ಸಾಲ ಮೊದಲು?

ಅಡಮಾನ ಇಟ್ಟುಕೊಂಡ ಬ್ಯಾಂಕು ಮೊದಲೇ ಹೊರಗೆ ನಿಂತು ತನ್ನ ಜಾಗ ತಾನು ತಕ್ಕೊಳ್ಳುತ್ತದೆ. ಉಳಿದದ್ದರ ಬಗ್ಗೆ 1920ರ ಕಾಯಿದೆಯ 44ನೇ ಕಲಮು ನೋಡಿ. ದಿವಾಳಿಯಾದವನಿಗೆ ಬಿಡುಗಡೆ ಸಿಕ್ಕಿದರೂ ಕೆಲವು ಬಾಕಿ ಅಳಿಯುವುದಿಲ್ಲ ಎಂದು ಅದರಲ್ಲಿ ಪಟ್ಟಿ ಮಾಡಿದೆ. ಸರ್ಕಾರಕ್ಕೆ ಬರಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ. ಸರ್ಕಾರ ತನ್ನನ್ನು ತಾನು ಪಟ್ಟಿಯಲ್ಲಿ ಮೊದಲು ಬರಕೊಂಡಿತು. ಪೆಟ್ಟು ತಿಂದವನ ಹೆಸರು ಅಲ್ಲಿಲ್ಲ. ಗಂಡನನ್ನು ಕಳಕೊಂಡವಳ ಹೆಸರು ಅಲ್ಲಿಲ್ಲ.

2016ರ ಸಂಹಿತೆ ಬರೆದವರು ಸ್ವಲ್ಪ ಮುಂದೆ ಹೋದರು. ಅದರ 79ನೇ ಕಲಮಿನಲ್ಲಿ ಅಳಿಯಬಾರದ ಸಾಲಗಳ ಪಟ್ಟಿ ಇದೆ: ಕೋರ್ಟು ವಿಧಿಸಿದ ದಂಡ, ಅಜಾಗರೂಕತೆ ಮುಂತಾದವುಗಳ ನಷ್ಟಪರಿಹಾರ, ಜೀವನಾಂಶ, ವಿದ್ಯಾರ್ಥಿ ಸಾಲ. ಕ್ರಿಮಿನಲ್ ಕೋರ್ಟು ನೊಂದವರಿಗೆ ಕೊಡಿಸುವ ಪರಿಹಾರ ಎಂಬ ಮಾತು ಅಲ್ಲಿ ನೇರವಾಗಿ ಇಲ್ಲ. ದಂಡದಲ್ಲಿ ಸೇರುತ್ತದೋ, ನಷ್ಟಪರಿಹಾರದಲ್ಲಿ ಸೇರುತ್ತದೋ ಎಂದು ವಕೀಲರು ವರ್ಷಗಟ್ಟಲೆ ವಾದ ಮಾಡಬಹುದು. ವಿದ್ಯಾರ್ಥಿಯ ಸಾಲವನ್ನು ಹೆಸರು ಹಿಡಿದು ಬರೆದವರಿಗೆ ಸತ್ತವನ ಹೆಂಡತಿಯ ಹೆಸರು ಬರೆಯಲು ಅರ್ಧ ಸಾಲು ಜಾಗ ಇರಲಿಲ್ಲವೇ? ಅದೇ ಕಲಮಿನಲ್ಲಿ 'ಗೊತ್ತುಪಡಿಸಬಹುದಾದ ಇತರ ಸಾಲ' ಎಂಬ ಮಾತಿದೆ. ಅಂದರೆ ಹೊಸ ಕಾಯಿದೆ ಬೇಡ, ಒಂದು ನಿಯಮ ಸಾಕು.

ಇನ್ನೊಂದು ಉಪಾಯ ನಮ್ಮ ಊರಿನವರಿಗೆ ಚೆನ್ನಾಗಿ ಗೊತ್ತು. ಕೇಸು ನಡೆಯುತ್ತಿರುವಾಗಲೇ ಜಾಗವನ್ನು ಹೆಂಡತಿಯ ಹೆಸರಿಗೋ ಬಾವನ ಹೆಸರಿಗೋ ದಾನಪತ್ರ ಮಾಡುವುದು. ತೀರ್ಪು ಬರುವಾಗ ಪಹಣಿಯಲ್ಲಿ ಅವನ ಹೆಸರೇ ಇಲ್ಲ! ದಿವಾಳಿಗೆ ಹಿಂದಿನ ಎರಡು ವರ್ಷದೊಳಗೆ ಹೀಗೆ ಪುಕ್ಕಟೆ ಬರೆದುಕೊಟ್ಟದ್ದನ್ನು ರದ್ದು ಮಾಡಬಹುದು ಎಂದು 1920ರ ಕಾಯಿದೆಯಲ್ಲಿದೆ. ಆದರೆ ಕೊಲೆ ಕೇಸು ಎರಡು ವರ್ಷದಲ್ಲಿ ಮುಗಿಯುತ್ತದೆಯೇ? ನೀವೇ ಹೇಳಿ.

ಬಡತನ ಅಪರಾಧವಲ್ಲ ಎಂದು ಆಗ ನೋಡಿದೆವು. ಅದು ನಮ್ಮ ಕಡೆಯ ಮಾತು, ನಾವು ಅದನ್ನು ಎದೆ ತಟ್ಟಿ ಹೇಳುತ್ತೇವೆ. ಅದೇ ಉಸಿರಿನಲ್ಲಿ ಇದನ್ನೂ ಹೇಳಬೇಕು: ಅಪರಾಧ ಬಡತನವಲ್ಲ. ಮಳೆ ಕೈಕೊಟ್ಟು, ಧಾರಣೆ ಬಿದ್ದು, ಅಡಿಕೆಗೆ ಕೊಳೆರೋಗ ಬಂದು ಆದ ಸಾಲ ಒಂದು. ಮನುಷ್ಯನ ಮೇಲೆ ಕತ್ತಿ ಎತ್ತಿ ಆದ ಸಾಲ ಇನ್ನೊಂದು. ಮೊದಲನೆಯದು ಅಳಿಯಬೇಕು. ಎರಡನೆಯದು ಅಳಿಯಬಾರದು.

ನಮ್ಮ ಅಂಗಳದ ಮಾತು

ಕೆಲವರು ಹೇಳಬಹುದು: "ಇದ್ ನಮ್ಗೆ ಎಂತಕ್ಕೆ? ನಾವ್ ಕೊಲೆಗಾರ್ರಾ?" ಅಲ್ಲ. ಆದರೆ ಊರಿನಲ್ಲಿ ಕೊಲೆ, ಹಲ್ಲೆ, ಅತ್ಯಾಚಾರ ಆದಾಗ ನಾವು ಏನು ಮಾಡುತ್ತೇವೆ ಎಂದು ಸ್ವಲ್ಪ ನೆನಪು ಮಾಡಿಕೊಳ್ಳಿ. ಆರೋಪಿಯ ಜಾಮೀನಿಗೆ ಪಹಣಿ ಹಿಡಕೊಂಡು ಕುಂದಾಪುರದ ಕೋರ್ಟಿಗೆ ಹೋಗಲು ಇಬ್ಬರು ಸಿಕ್ಕುತ್ತಾರೆ. ನಮ್ಮವನು, ನಮ್ಮ ಜಾತಿಯವನು, ನಮ್ಮ ಪಕ್ಷದವನು ಎಂದು. ಸತ್ತವನ ಮನೆಯ ನಾಟಿಗೆ ಮಾತ್ರ ಆಳು ಸಿಕ್ಕುವುದಿಲ್ಲ. ರಾಜಿ ಪಂಚಾಯ್ತಿಯಲ್ಲಿ ಹತ್ತು ಮಂದಿ ಕೂತು, "ಆದದ್ ಆಯ್ತ್, ಸತ್ತವ ತಿರ್ಗಿ ಬತ್ನಾ?" ಎಂದು ಹೇಳಿ ಒಂದಿಷ್ಟು ದುಡ್ಡಿಗೆ ಬಾಯಿ ಮುಚ್ಚಿಸುತ್ತಾರೆ. ಹುಡುಗಿಯ ವಿಷಯವಾದರೆ ಮರ್ಯಾದೆಯ ಹೆಸರಿನಲ್ಲಿ ಅದೂ ಇಲ್ಲ. ಹೆಚ್ಚು ಕೂಲಿಯವರ ಮನೆಯಾದರೆ, ಭೂಮಿ ಇಲ್ಲದವರಾದರೆ, ದಲಿತರಾದರೆ ಕೇಳುವವರು ಇನ್ನೂ ಕಡಿಮೆ. ಭೂಮಿ ಇದ್ದ ನಾವು ಇದನ್ನು ಒಪ್ಪಿಕೊಳ್ಳಬೇಕು. ನ್ಯಾಯವಾದ ಬೆಲೆ ಕೇಳುವವರ ತಕ್ಕಡಿ ಮನೆಯ ಒಳಗೂ ಸರಿಯಾಗಿ ತೂಗಬೇಕು.

ಇನ್ನು ಕೆಲವರು ನ್ಯಾಯವಾದ ಪ್ರಶ್ನೆಯನ್ನೇ ಕೇಳುತ್ತಾರೆ. ಅಪರಾಧಿಯ ಹೆಂಡತಿ ಮಕ್ಕಳು ಏನು ತಪ್ಪು ಮಾಡಿದ್ದಾರೆ? ಗದ್ದೆ ಹರಾಜು ಮಾಡಿ ಅವರನ್ನು ಬೀದಿಗೆ ತಳ್ಳಬೇಕೆ? ಬೇಡ. ಅವರ ವಾಸದ ಮನೆಗೆ, ಊಟಕ್ಕೆ ಬೇಕಾದಷ್ಟು ಬೆಳೆಗೆ, ಬೇಸಾಯದ ಸಾಮಾನಿಗೆ ಕಾನೂನಿನ ರಕ್ಷಣೆ ಇರಲಿ. ಒಂದು ಮನೆಯ ಒಲೆ ಆರಿಸಿ ಇನ್ನೊಂದು ಮನೆಯ ಒಲೆ ಹಚ್ಚಲಾಗದು. ನಾವು ಕೇಳುವುದು ಇಷ್ಟು: ನೊಂದವರಿಗೆ ಸರ್ಕಾರ ಮೊದಲು ಕೊಡಲಿ, ತಡ ಮಾಡದೆ ಕೊಡಲಿ. ಆಮೇಲೆ ಅಪರಾಧಿಯಿಂದ, ಅವನ ಜೈಲಿನ ಕೂಲಿಯಿಂದ, ಹೊರಗೆ ಬಂದ ಮೇಲೆ ಅವನ ಫಸಲಿನಿಂದ ಕಂತು ಕಂತಾಗಿ ಸರ್ಕಾರವೇ ವಸೂಲು ಮಾಡಿಕೊಳ್ಳಲಿ. ಆ ಹೆಂಗಸು ಸಾಲಗಾರರ ಸಾಲಿನಲ್ಲಿ ಬ್ಯಾಂಕಿನ ಹಿಂದೆ, ಫೈನಾನ್ಸಿನವರ ಹಿಂದೆ ಕೈಯೊಡ್ಡಿ ನಿಲ್ಲಬಾರದು.

ಹೊರಗಿನವರು ಮಾಡಿದ್ದು

ಇದು ಆಗದ ಮಾತಲ್ಲ. ಅಮೇರಿಕದಲ್ಲಿ 1980ರ ದಶಕದಲ್ಲಿ ಧಾರಣೆ ಕುಸಿದು, ಬಡ್ಡಿ ಏರಿ, ಹೊಲಗಳು ಹರಾಜಾದಾಗ ಅಲ್ಲಿನ ರೈತರು ಟ್ರಾಕ್ಟರ್ ತಂದು ಬೀದಿಗಿಳಿದಿದ್ದರು. 1986ರಲ್ಲಿ ಅಲ್ಲಿಯ ದಿವಾಳಿ ಕಾನೂನಿಗೆ ರೈತ ಕುಟುಂಬಗಳಿಗೆಂದೇ ಒಂದು ಅಧ್ಯಾಯ ಸೇರಿತು. 12ನೇ ಅಧ್ಯಾಯ. ರೈತ ಭೂಮಿಯನ್ನು ಇಟ್ಟುಕೊಂಡು ಬೇಸಾಯ ಮಾಡುತ್ತಲೇ ಮೂರರಿಂದ ಐದು ವರ್ಷದಲ್ಲಿ ಕೈಲಾದಷ್ಟು ಕಟ್ಟಬೇಕು, ಉಳಿದದ್ದರಲ್ಲಿ ಹೆಚ್ಚಿನದಕ್ಕೆ ಬಿಡುಗಡೆ. ತಾತ್ಕಾಲಿಕವಾಗಿ ತಂದದ್ದನ್ನು 2005ರಲ್ಲಿ ಕಾಯಂ ಮಾಡಿದರು. ಆದರೆ ಬೇಕೆಂದೇ, ದ್ವೇಷದಿಂದ ಇನ್ನೊಬ್ಬನಿಗೆ ಮಾಡಿದ ಹಾನಿಯ ಸಾಲಕ್ಕೆ ಅಲ್ಲಿ ಬಿಡುಗಡೆ ಇಲ್ಲ. ಕೆನಡಾದ ಕಾನೂನು ಇನ್ನೂ ಬಿಚ್ಚಿ ಹೇಳುತ್ತದೆ: ಬೇಕೆಂದು ಮಾಡಿದ ದೇಹದ ಗಾಯಕ್ಕೆ, ಲೈಂಗಿಕ ಹಲ್ಲೆಗೆ ಕೋರ್ಟು ಕೊಡಿಸಿದ ಹಣ ದಿವಾಳಿಯಲ್ಲಿ ಅಳಿಯುವುದಿಲ್ಲ. ಸರ್ಕಾರವೇ ಮೊದಲು ಪರಿಹಾರ ಕೊಡುವ ಕಾನೂನನ್ನು ನ್ಯೂಜಿಲೆಂಡ್ 1963ರಲ್ಲೇ ಮಾಡಿತು, ಬ್ರಿಟನ್ 1964ರಲ್ಲಿ ಯೋಜನೆ ತಂದಿತು.

ನೋಡಿ, ಅಲ್ಲಿ ಎರಡೂ ಒಟ್ಟಿಗೆ ಇವೆ. ಪ್ರಾಮಾಣಿಕ ಸಾಲಗಾರನಿಗೆ ಬಾಗಿಲು, ನೊಂದವನಿಗೆ ಬೇಲಿ. ನಮ್ಮಲ್ಲಿ ಬಾಗಿಲೂ ಇಲ್ಲ, ಬೇಲಿಯೂ ಇಲ್ಲ.

ನಮ್ಮ ಬೇಡಿಕೆ

ಸಾಲಮನ್ನಾ ನಾವು ಸಾಕಷ್ಟು ಕಂಡಿದ್ದೇವೆ. 1990ರಲ್ಲಿ ಬಂತು, 2008ರಲ್ಲಿ ಬಂತು, ನಮ್ಮ ರಾಜ್ಯದಲ್ಲಿ 2018ರಲ್ಲಿ ಬಂತು. ಬೇಕಾದಾಗ ಬೇಕೇ ಬೇಕು. ಆದರೆ ಅದು ಚುನಾವಣೆಯ ಮಳೆ. ಬಂದರೆ ಬಂತು, ಕೆಲವರ ಗದ್ದೆಗೆ ಬಂತು, ಕೆಲವರಿಗೆ ಹನಿಯೂ ಇಲ್ಲ. ಕಾನೂನಿನ ಬಾಗಿಲು ಬಾವಿಯ ಹಾಗೆ, ಬೇಸಿಗೆಯಲ್ಲೂ ಇರುತ್ತದೆ. ಆದ್ದರಿಂದ ನಮ್ಮ ಬೇಡಿಕೆ ಇವು:

ಒಂದು, ರೈತರಿಗೆ ಪ್ರತ್ಯೇಕ ದಿವಾಳಿ ಪರಿಹಾರ ಕಾನೂನು ಬೇಕು. ವಿಚಾರಣೆ ಜಿಲ್ಲೆಯಲ್ಲೇ ನಡೆಯಬೇಕು, ಬೆಂಗಳೂರಿನಲ್ಲಿ ಅಲ್ಲ. ಅರ್ಜಿ ಹಾಕಿದ ದಿನದಿಂದ ಹರಾಜು ನಿಲ್ಲಬೇಕು, ಬಡ್ಡಿ ನಿಲ್ಲಬೇಕು.

ಎರಡು, ವಾಸದ ಮನೆ ಮತ್ತು ಕುಟುಂಬ ಬದುಕುವಷ್ಟು ಭೂಮಿ ಉಳಿಸಿ, ಫಸಲಿನ ಲೆಕ್ಕದಲ್ಲಿ ಕೆಲವು ವರ್ಷ ಕಂತು ಕಟ್ಟಿಸಿ, ಉಳಿದ ಸಾಲಕ್ಕೆ ಬಿಡುಗಡೆ ಕೊಡಬೇಕು. ಮನೆ ಇದ್ದವನಿಗೆ ಹೊಸ ಆರಂಭವಿಲ್ಲ ಎಂಬ ಷರತ್ತು ಹೋಗಬೇಕು.

ಮೂರು, ಕೊಲೆ, ಘೋರ ಗಾಯ, ಆಸಿಡ್ ದಾಳಿ, ಅತ್ಯಾಚಾರ ಮುಂತಾದ ಘೋರ ಅಪರಾಧಗಳಲ್ಲಿ ಕೋರ್ಟು ಕೊಡಿಸಿದ ಪರಿಹಾರ ಯಾವ ದಿವಾಳಿಯಲ್ಲೂ, ಯಾವ ಮನ್ನಾದಲ್ಲೂ ಅಳಿಯಬಾರದು. ಇದನ್ನು ಕಾನೂನಿನಲ್ಲಿ ಹೆಸರು ಹಿಡಿದು ಬರೆಯಬೇಕು.

ನಾಲ್ಕು, ಸರ್ಕಾರ ಮೊದಲು ಕೊಟ್ಟು ಆಮೇಲೆ ವಸೂಲು ಮಾಡಬೇಕು. ಎಫ್ಐಆರ್ ಆದ ದಿನವೇ ಠಾಣೆಯವರು ನೊಂದವರ ಮನೆಗೆ ಅರ್ಜಿಯ ನಮೂನೆ ಕೊಡಬೇಕು.

ಐದು, ಕೇಸು ದಾಖಲಾದ ಮೇಲೆ ಆರೋಪಿ ಪುಕ್ಕಟೆಯಾಗಿ ಬರೆದುಕೊಟ್ಟ ಆಸ್ತಿ, ಶಿಕ್ಷೆಯಾದರೆ, ಎಷ್ಟೇ ವರ್ಷ ಕಳೆದಿರಲಿ ಪರಿಹಾರಕ್ಕೆ ಬದ್ಧವಾಗಿರಬೇಕು.

ಆರು, ದುಡಿಯುವವನನ್ನು ಅಪರಾಧದಲ್ಲಿ ಕಳಕೊಂಡ ಮನೆಯ ಬೆಳೆಸಾಲದ ವಸೂಲಿಯನ್ನು ಪರಿಹಾರ ಕೈಗೆ ಬರುವ ತನಕ ತಡೆಹಿಡಿಯಬೇಕು. ಬಂದ ಪರಿಹಾರವನ್ನು ಬ್ಯಾಂಕು ಸಾಲಕ್ಕೆ ಮುರಿದುಕೊಳ್ಳಬಾರದು.

ಸಾಲದಿಂದ ಜೀವ ಕಳಕೊಂಡ ರೈತನ ಮನೆಗೆ ನಮ್ಮ ಸರ್ಕಾರ 5 ಲಕ್ಷ ಕೊಡುತ್ತದೆ. ಸತ್ತ ಮೇಲೆ ಕೊಡುವ ಮನಸ್ಸು ಇದ್ದವರು ಬದುಕಿರುವಾಗ ಬಾಗಿಲು ತೆರೆಯಲಿ. ಸಾಲದ ಭಾರದಲ್ಲಿ ಕುಗ್ಗಿದ ಬಂಧುಗಳಿಗೆ ಈ ಮಾತು: ನಿಮ್ಮ ಜೀವಕ್ಕೆ ಯಾವ ಸಾಲವೂ ಸಮವಲ್ಲ. ನೋಟೀಸು ಬಂದರೆ ಮುಚ್ಚಿಡಬೇಡಿ, ನಾಲ್ಕು ಜನರ ಮುಂದೆ ಇಡಿ. ಕೂತು ಮಾತಾಡೋಣ, ದಾರಿ ಹುಡುಕೋಣ.

ಈ ತಿಂಗಳ ಕೆಲಸ

ಕಾನೂನು ಬದಲಾಗುವ ತನಕ ಸುಮ್ಮನೆ ಕೂರುವುದು ಬೇಡ. ನಿಮ್ಮ ಊರಿನ ಸಂಘದ ಸಭೆಯಲ್ಲಿ ಈ ಬೇಡಿಕೆಗಳನ್ನು ಓದಿ, ಚರ್ಚೆ ಮಾಡಿ, ಸರಿ ಕಂಡರೆ ನಿರ್ಣಯ ಮಾಡಿ ಶಾಸಕರಿಗೂ ಸಂಸದರಿಗೂ ಕಳಿಸಿ. ಸರಿ ಕಾಣದಿದ್ದರೆ ಯಾಕೆಂದು ನಮಗೆ ಬರೆಯಿರಿ, ಅಚ್ಚು ಮಾಡುತ್ತೇವೆ.

ಇನ್ನೊಂದು ಕೆಲಸವನ್ನು ಯಾವ ಶಾಸಕರನ್ನೂ ಕಾಯದೆ ಮಾಡಬಹುದು. ನಿಮ್ಮ ಊರಿನಲ್ಲಿ ಅಪರಾಧದಿಂದ ನೊಂದ ಮನೆ ಯಾವುದು ಎಂದು ನಿಮಗೆ ಗೊತ್ತಿದೆ. ಅಲ್ಲಿಗೆ ಒಬ್ಬರು ಹಿರಿಯ ಹೆಂಗಸರನ್ನು ಕರಕೊಂಡು ಹೋಗಿ. ಪೆಟ್ಟಿಗೆಯಲ್ಲಿರುವ ಆ ಕಾಗದವನ್ನು ತೆಗೆಸಿ ಓದಿ. ಪರಿಹಾರದ ಅರ್ಜಿ ಹಾಕಿದ್ದಾರೆಯೇ ಎಂದು ಕೇಳಿ. ಇಲ್ಲದಿದ್ದರೆ ಎಫ್ಐಆರ್ ನಕಲು, ವೈದ್ಯರ ಕಾಗದ, ತೀರ್ಪಿನ ನಕಲು, ಬ್ಯಾಂಕ್ ಪಾಸ್‌ಬುಕ್ ಹಿಡಕೊಂಡು ಅವರ ಜೊತೆ ಉಡುಪಿಗೆ ಬಸ್ಸು ಹತ್ತಿ. ತಡ ಮಾಡಬೇಡಿ, ಅರ್ಜಿಗೆ ಅವಧಿಯ ಕಟ್ಟುಪಾಡು ಇರುತ್ತದೆ. ಆರೋಪಿಯ ಜಾಮೀನಿಗೆ ಪಹಣಿ ಹಿಡಕೊಂಡು ಹೋಗಲು ನಮಗೆ ಪುರಸೊತ್ತು ಇದ್ದರೆ ಇದಕ್ಕೂ ಒಂದು ದಿನ ಇರಬೇಕು.

ನಮ್ಮ ಸಾಲ ಅನ್ಯಾಯದ ಸಾಲ, ಅದನ್ನು ಅಳಿಸಿ ಎಂದು ನಾವು ಸರ್ಕಾರಕ್ಕೆ ಹೇಳುತ್ತಾ ಬಂದಿದ್ದೇವೆ, ಇನ್ನೂ ಹೇಳುತ್ತೇವೆ. ಆ ಮಾತಿಗೆ ಬಲ ಬರುವುದು ಯಾವ ಸಾಲವನ್ನು ಅಳಿಸಬಾರದು ಎಂದು ನಾವೇ ಎದ್ದು ನಿಂತು ಹೇಳಿದ ದಿನ.